ಆನೆ: ಸಂರಕ್ಷಣೆಯೂ ಮಾನವಸಂಘರ್ಷದ ನಿರ್ವಹಣೆಯೂ (ಕರ್ನಾಟಕ)

ಏಷ್ಯದ ಕಾಡಾನೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಭಾರತದಲ್ಲಿವೆ. ಭಾರತದ ರಾಜ್ಯಗಳ ಪೈಕಿ ಅವು ಅತ್ಯಧಿಕ ಸಂಖ್ಯೆಯಲ್ಲಿರುವುದು ಕರ್ನಾಟಕದಲ್ಲಿ. ಸಹ್ಯಾದ್ರಿಯ ಮೂಡಣ ಇಳಿಜಾರಿನಿಂದ ಹಿಡಿದು ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳನ್ನು ಹಾಯ್ದು ಕಾವೇರಿಯ ಕಣಿವೆಯವರೆಗೆ ಹಬ್ಬಿರುವ ಅರಣ್ಯಶ್ರೇಣಿ ಈ ಪ್ರಾಣಿಗೆ ಅನಾದಿಕಾಲದ ನೆಲೆ. ಅದೇ ಶ್ರೇಣಿಯ ಅಂಚಿನುದ್ದಕ್ಕೂ ರಾಗಿ, ಮುಸುಕಿನ ಜೋಳ, ಭತ್ತ, ಬಾಳೆ, ಕಬ್ಬು, ಕಾಫಿಗಳನ್ನು ಬೆಳೆಯುವ ಸಹಸ್ರಾರು ಕುಟುಂಬಗಳು ವಾಸಿಸುತ್ತಿರುವುದರಿಂದ, ವನ್ಯಮೃಗವೊಂದನ್ನು ಉಳಿಸಿಕೊಳ್ಳುವ ರಾಷ್ಟ್ರೀಯ ಸಂಕಲ್ಪವೂ ಹೊಲವೊಂದನ್ನು ಉಳಿಸಿಕೊಳ್ಳುವ ರೈತನ ಸಂಕಟವೂ ಇಲ್ಲಿ ಮುಖಾಮುಖಿಯಾಗಿ ನಿಂತಿವೆ. ಆನೆಯ ಸಂರಕ್ಷಣೆ ಮತ್ತು ಆನೆಯಿಂದ ಮನುಷ್ಯರ ರಕ್ಷಣೆ ಎಂಬ ಎರಡು ಕಾರ್ಯಗಳು ಪರಸ್ಪರ ವಿರುದ್ಧವೆಂದು ಮೇಲುನೋಟಕ್ಕೆ ತೋರಿದರೂ, ಒಂದು ಕೆಟ್ಟಲ್ಲಿ ಇನ್ನೊಂದು ನಿಲ್ಲಲಾರದೆಂಬುದನ್ನು ಕಳೆದ ಐವತ್ತು ವರ್ಷಗಳ ಅನುಭವ ಸ್ಪಷ್ಟಪಡಿಸಿದೆ.

ಜೀವಸ್ವಭಾವ

ಇಂದು ಜೀವಿಸಿರುವ ನೆಲಪ್ರಾಣಿಗಳಲ್ಲಿ ಗಾತ್ರದಲ್ಲಿ ಆಫ್ರಿಕದ ಆನೆಯ ಅನಂತರದ ಸ್ಥಾನ ಏಷ್ಯದ ಆನೆಯದು. ಪ್ರಾಯಕ್ಕೆ ಬಂದ ಗಂಡಾನೆ 3ರಿಂದ 5 ಟನ್ನುಗಳವರೆಗೆ ತೂಗುತ್ತದೆ. ದಿನವೊಂದಕ್ಕೆ ಸುಮಾರು 150 ಕಿಲೋಗ್ರಾಂ ಹಸಿ ಮೇವನ್ನೂ 100 ಲೀಟರಿಗೂ ಮಿಕ್ಕ ನೀರನ್ನೂ ಬಯಸುತ್ತದೆ. ತಿಂದುದರಲ್ಲಿ ಅರ್ಧಕ್ಕಿಂತ ಕಡಿಮೆ ಭಾಗವಷ್ಟೇ ಜೀರ್ಣವಾಗುವುದರಿಂದ ಹಗಲಿರುಳಿನ ಬಹುಭಾಗವನ್ನು ಮೇಯುವುದರಲ್ಲಿಯೇ ಕಳೆಯಬೇಕಾಗುತ್ತದೆ. ಒಂದೇ ಕಡೆ ನಿಂತು ಮೇದರೆ ಆ ಕಾಡು ಬರಿದಾಗುವುದಾದ್ದರಿಂದ, ಋತುವಿಗೆ ತಕ್ಕಂತೆ ಹುಲ್ಲುಗಾವಲಿನಿಂದ ಹೊಳೆಯಂಚಿಗೆ, ಹೊಳೆಯಂಚಿನಿಂದ ಬೆಟ್ಟಕ್ಕೆ ಸಾಗುತ್ತಿರುವುದು ಅದರ ಜೀವನಕ್ರಮ. ನೀಲಗಿರಿಯ ಸುತ್ತಣ ಕಾಡುಗಳಲ್ಲಿ ಕೊರಳಿಗೆ ರೇಡಿಯೊ ಕಾಲರ್ ತೊಡಿಸಿ ನಡೆಸಿದ ಅಧ್ಯಯನಗಳು ಹೆಣ್ಣಾನೆಗಳ ಗುಂಪೊಂದಕ್ಕೆ 500 ಚದರ ಕಿಲೋಮೀಟರಿಗೂ ಹೆಚ್ಚಿನ ಸಂಚಾರಕ್ಷೇತ್ರ ಬೇಕಾಗುವುದನ್ನು ತೋರಿಸಿಕೊಟ್ಟಿವೆ. ಹೀಗಾಗಿ ಆನೆಯ ಬದುಕು ಸರ್ಕಾರೀ ನಕಾಶೆಯ ಗೆರೆಗಳನ್ನು ಸಹಜವಾಗಿಯೇ ದಾಟುತ್ತದೆ.

ಗುಂಪಿಗೆ ಒಡತಿ ಹಿರಿಯ ಹೆಣ್ಣಾನೆ. ಬೇಸಗೆಯಲ್ಲಿ ನೀರು ಉಳಿಯುವ ಮಡು ಯಾವುದು, ಅಪಾಯದ ದಾರಿ ಯಾವುದು ಎಂಬ ಅನುಭವಸಂಪತ್ತು ಅದರ ನೆನಪಿನಲ್ಲಿದ್ದು ಕಿರಿಯವಕ್ಕೆ ಒಡನಾಟದಿಂದ ಬರುತ್ತದೆ. ಗಂಡುಮರಿಗಳು ಹರೆಯ ಬಂದೊಡನೆ ಗುಂಪನ್ನು ತೊರೆದು ಒಂಟಿಯಾಗಿಯೋ ಇತರ ಗಂಡುಗಳ ಜೊತೆಗೂಡಿಯೋ ತಿರುಗುತ್ತವೆ. ಜನರ ಬಾಯಲ್ಲಿ ಒಂಟಿ ಸಲಗವೆಂದು ಹೆಸರಾದುದು ಇಂತಹ ಗಂಡಾನೆ. ಗರ್ಭಾವಧಿ 20ರಿಂದ 22 ತಿಂಗಳು; ಎರಡು ಮರಿಗಳ ನಡುವಣ ಅಂತರ ನಾಲ್ಕೈದು ವರ್ಷ. ಇಷ್ಟು ನಿಧಾನವಾಗಿ ಸಂತಾನ ಬೆಳೆಸುವ ಪ್ರಾಣಿ ಒಮ್ಮೆ ಕ್ಷೀಣಿಸಿತೆಂದರೆ ಚೇತರಿಸಿಕೊಳ್ಳಲು ದಶಕಗಳೇ ಬೇಕು. ದೂರ ದೂರಕ್ಕೆ ಬೀಜಪ್ರಸಾರ ಮಾಡುತ್ತ, ದಟ್ಟಪೊದೆಗಳಲ್ಲಿ ದಾರಿ ತೆರೆಯುತ್ತ ಕಾಡಿನ ರಚನೆಯಲ್ಲಿ ಪಾಲುಗೊಳ್ಳುವ ಈ ಪ್ರಾಣಿಯ ನಷ್ಟ ಆ ಕಾಡಿನ ನಷ್ಟವೂ ಆಗುತ್ತದೆ.

ಐತಿಹಾಸಿಕ ಹಿನ್ನೆಲೆ

ಭಾರತದಲ್ಲಿ ಆನೆಯ ರಕ್ಷಣೆ ರಾಜ್ಯದ ಕರ್ತವ್ಯವೆಂಬ ಭಾವನೆ ಪುರಾತನವಾದುದು. ಕೌಟಿಲ್ಯನ ಅರ್ಥಶಾಸ್ತ್ರ ನಾಗವನಗಳನ್ನು ಕಾಯಲು ಅಧ್ಯಕ್ಷನನ್ನು ನೇಮಿಸಬೇಕೆಂದೂ ಆನೆಯನ್ನು ಕೊಂದವನಿಗೆ ಮರಣದಂಡನೆ ವಿಧಿಸಬೇಕೆಂದೂ ಹೇಳುತ್ತದೆ. ಈ ಕಾಳಜಿಗೆ ಮೂಲವಾದುದು ಭೂತದಯೆಗಿಂತ ಸೇನಾಬಲದ ಅಪೇಕ್ಷೆ. ಆದರೂ ಅದರ ಫಲವಾಗಿ ವಿಶಾಲವಾದ ಅರಣ್ಯಗಳು ನೇಗಿಲಿನಿಂದ ಪಾರಾಗಿ ಉಳಿದುವು. ಕರ್ನಾಟಕದಲ್ಲಿ ತಲಕಾಡಿನ ಗಂಗರು ಮದಗಜವನ್ನೇ ಲಾಂಛನವಾಗಿ ಧರಿಸಿದ್ದರು. ಆ ವಂಶದ ಇಮ್ಮಡಿ ಶಿವಮಾರ ಗಜಶಾಸ್ತ್ರದಲ್ಲಿ ಪಾರಂಗತನೆಂದು ಖ್ಯಾತನಾಗಿ ಗಜಾಷ್ಟಕವೆಂಬ ಕೃತಿಯನ್ನು ರಚಿಸಿದನೆಂದು ಪ್ರತೀತಿಯಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಆನೆಗಳ ವನಗಳನ್ನೂ ಅವುಗಳನ್ನು ಹಿಡಿಯುವ ವಿಧಾನಗಳನ್ನೂ ಕುರಿತ ವಿವರಗಳಿವೆ. ಅರಮನೆಯ ದೃಷ್ಟಿ ಹೀಗಿದ್ದರೆ, ವನ್ಯಮೃಗಗಳ ಉಪಟಳಕ್ಕೆ ನೇರವಾಗಿ ಒಡ್ಡಿಕೊಂಡಿದ್ದ ಹಳ್ಳಿಗಳ ಚರಿತ್ರೆಯನ್ನು ಹುಲಿ, ಹಂದಿಗಳೊಡನೆ ಹೋರಾಡಿ ಮಡಿದವರ ಸ್ಮರಣಾರ್ಥ ನಾಡಿನಾದ್ಯಂತ ನೆಟ್ಟಿರುವ ವೀರಗಲ್ಲುಗಳು ಮೌನವಾಗಿ ಸಾರುತ್ತಿವೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಕಾಫಿ, ಚಹ ತೋಟಗಳೂ ತೇಗದ ನೆಡುತೋಪುಗಳೂ ವಿಸ್ತರಿಸತೊಡಗಿದಾಗ ದಕ್ಷಿಣ ಭಾರತದ ಕೆಲವೆಡೆ ಆನೆ ಪೀಡಕಪ್ರಾಣಿಯೆಂಬ ಗಣನೆಗೆ ಇಳಿದು, ಅದನ್ನು ಕೊಂದವರಿಗೆ ಸರ್ಕಾರವೇ ಇನಾಮು ಕೊಡುವ ಕಾಲ ಬಂದಿತು. ಅನಂತರ ಅದರ ಉಪಯುಕ್ತತೆಯನ್ನು ಮನಗಂಡು ಮದರಾಸು ಸರ್ಕಾರ 1873ರಲ್ಲಿಯೂ ಭಾರತ ಸರ್ಕಾರ 1879ರಲ್ಲಿಯೂ ಕಾಡಾನೆಗಳ ಸಂರಕ್ಷಣೆಗಾಗಿ ಕಾಯಿದೆಗಳನ್ನು ಮಾಡಿದುವು. ಮೈಸೂರು ಸಂಸ್ಥಾನದಲ್ಲಿ ಇಂಗ್ಲಿಷ್ ಅಧಿಕಾರಿ ಜಿ. ಪಿ. ಸ್ಯಾಂಡರ್ಸನ್ 1874ರಲ್ಲಿ ಚಾಮರಾಜನಗರದ ಸೀಮೆಯಲ್ಲಿ ಖೆಡ್ಡಾ ಕ್ರಮದಿಂದ ಇಡೀ ಗುಂಪನ್ನು ಆವರಣದೊಳಕ್ಕೆ ಅಟ್ಟಿ ಸೆರೆಹಿಡಿಯುವುದರಲ್ಲಿ ಯಶಸ್ವಿಯಾದನು. ಮುಂದೆ ಕಬಿನಿ ನದಿಯ ದಡದ ಕಾಕನಕೋಟೆ ಖೆಡ್ಡಾಗಳಿಗೆ ಹೆಸರುವಾಸಿಯಾಗಿ, ರಾಜಮನೆತನದ ಅತಿಥಿಗಳಿಗೆ ಅದೊಂದು ಮಹಾಪ್ರದರ್ಶನವಾಯಿತು. ಕೊನೆಯ ಖೆಡ್ಡಾ ನಡೆದುದು 1971ರಲ್ಲಿ. ತರುವಾಯದ ಕೆಲವೇ ವರ್ಷಗಳಲ್ಲಿ ಕಬಿನಿ ಅಣೆಕಟ್ಟಿನ ನೀರು ಆ ಅರಣ್ಯದ ತಗ್ಗುಪ್ರದೇಶವನ್ನು ಆವರಿಸಿತು. ಬೇಸಗೆಯಲ್ಲಿ ಹಿನ್ನೀರು ಇಳಿದಾಗ ಅದೇ ದಡಗಳಲ್ಲಿ ಚಿಗುರುವ ಹುಲ್ಲಿಗಾಗಿ ನಾಗರಹೊಳೆ, ಬಂಡೀಪುರ, ವಯನಾಡುಗಳಿಂದ ಆನೆಗಳು ಬಂದು ಸೇರುತ್ತವೆ. ಏಷ್ಯದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಕಾಣಸಿಗುವ ತಾಣಗಳು ಜಗತ್ತಿನಲ್ಲಿ ವಿರಳ.

ಕಾಯಿದೆ, ಆವಾಸ, ಸಂಖ್ಯೆ

1941ರಲ್ಲಿ ಮೈಸೂರು ಸಂಸ್ಥಾನ ಬಂಡೀಪುರದ ಸುತ್ತ ವೇಣುಗೋಪಾಲ ವನ್ಯಮೃಗೋದ್ಯಾನವನ್ನು ಸ್ಥಾಪಿಸಿದ್ದಿತು. 1973ರಲ್ಲಿ ಹುಲಿ ಯೋಜನೆ ಪ್ರಾರಂಭವಾದಾಗ ಬಂಡೀಪುರ ಅದರ ಮೊದಲ ಕ್ಷೇತ್ರಗಳಲ್ಲೊಂದಾಯಿತು. ನಾಗರಹೊಳೆ, ಭದ್ರಾ, ಬಿಳಿಗಿರಿರಂಗನ ಬೆಟ್ಟ, ಬನ್ನೇರುಘಟ್ಟ, ಕಾವೇರಿ, ಮಲೆ ಮಹದೇಶ್ವರ ಬೆಟ್ಟ ಮೊದಲಾದ ಅರಣ್ಯಗಳು ಕ್ರಮೇಣ ರಕ್ಷಿತ ಪ್ರದೇಶಗಳಾದುವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 1977ರಲ್ಲಿ ಸೇರಿದ ಆನೆಯನ್ನು, ಮನುಷ್ಯಪ್ರಾಣಕ್ಕೆ ಅಪಾಯಕಾರಿಯಾದ ಅಥವಾ ಚೇತರಿಸಿಕೊಳ್ಳಲಾರದಷ್ಟು ಜರ್ಝರಿತವಾದ ಸಂದರ್ಭದಲ್ಲಿ ಮಾತ್ರ, ಅದೂ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಆಜ್ಞೆಯ ಮೇರೆಗೆ ಸೆರೆಹಿಡಿಯಬಹುದು. 1992ರಲ್ಲಿ ಕೇಂದ್ರ ಸರ್ಕಾರ ಆನೆ ಯೋಜನೆಯನ್ನು ಆರಂಭಿಸಿತು. 2002ರಲ್ಲಿ ಮೈಸೂರು ಆನೆ ಮೀಸಲು ಪ್ರದೇಶ ಘೋಷಿತವಾಯಿತು. 2010ರಲ್ಲಿ ಆನೆಯನ್ನು ರಾಷ್ಟ್ರೀಯ ಪರಂಪರೆಯ ಪ್ರಾಣಿಯೆಂದು ಸಾರಲಾಯಿತು.

ಕಾಯಿದೆಯಿದ್ದಾಗ್ಯೂ 1970ರಿಂದ 1990ರವರೆಗಿನ ದಶಕಗಳಲ್ಲಿ ದಂತಕ್ಕಾಗಿ ನಡೆದ ಹತ್ಯೆ ದಕ್ಷಿಣ ಭಾರತದ ಗಂಡಾನೆಗಳನ್ನು ಭಯಂಕರವಾಗಿ ಕುಗ್ಗಿಸಿತು. ದಂತ ಗಂಡಿಗೆ ಮಾತ್ರ ಇರುವುದರಿಂದ ಗಂಡು-ಹೆಣ್ಣುಗಳ ಸಹಜ ಪ್ರಮಾಣವೇ ಕೆಟ್ಟಿತು. ಕೇರಳದ ಪೆರಿಯಾರ್ ಅರಣ್ಯದಲ್ಲಂತೂ ಪ್ರಾಯದ ಗಂಡು ದುರ್ಲಭವೆನ್ನುವ ಸ್ಥಿತಿ ಬಂದಿತು. ದೇಶದೊಳಗೆ ದಂತದ ವ್ಯಾಪಾರವನ್ನು ನಿಷೇಧಿಸಿದುದು, 1989ರಲ್ಲಿ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ತಡೆ ಬಿದ್ದುದು, ಅರಣ್ಯ ಸಿಬ್ಬಂದಿ ಪ್ರಾಣವನ್ನು ಪಣವಾಗಿಟ್ಟು ಕಾವಲು ಕಾಯ್ದುದು ಇವೆಲ್ಲದರ ಫಲವಾಗಿ ಆ ಪಿಡುಗು ಗಣನೀಯವಾಗಿ ಇಳಿಯಿತು. 2017ರ ಗಣತಿಯಲ್ಲಿ ಕರ್ನಾಟಕದ ಆನೆಗಳ ಅಂದಾಜು 6,049, 2023ರಲ್ಲಿ 6,395. ಲದ್ದಿಯಿಂದ ಪಡೆದ ವಂಶವಾಹಿಗಳ ಪರೀಕ್ಷೆಯನ್ನು ಆಧಾರವಾಗಿಟ್ಟುಕೊಂಡು 2025ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜು ದೇಶಕ್ಕೆ 22,446, ಕರ್ನಾಟಕಕ್ಕೆ 6,013 ಎಂದು ಹೇಳುತ್ತದೆ. ವಿಧಾನಗಳು ಬೇರೆಯಾದುದರಿಂದ ಈ ಅಂಕಿಗಳನ್ನು ಒಂದರ ಪಕ್ಕ ಇನ್ನೊಂದನ್ನಿಟ್ಟು ಏರಿಳಿತವನ್ನು ನಿರ್ಣಯಿಸುವುದು ಯುಕ್ತವಲ್ಲ.

ಸಂಘರ್ಷದ ಕಾರಣಗಳು

ಕಾಡಿನಲ್ಲಿ ಮೇವಿಲ್ಲದುದರಿಂದಲೇ ಆನೆ ಊರಿಗೆ ಬರುತ್ತದೆಂಬುದು ಜನಜನಿತವಾದ ವಿವರಣೆ. ಅದು ಸತ್ಯದ ಒಂದು ಪಾಲು ಮಾತ್ರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರು 1980ರ ದಶಕದ ಆರಂಭದಲ್ಲಿ ಬಿಳಿಗಿರಿರಂಗನ ಬೆಟ್ಟ ಮತ್ತು ಅದರ ನೆರೆಯ ತಮಿಳುನಾಡಿನ ಕಾಡುಗಳಲ್ಲಿ ನಡೆಸಿದ ಅಧ್ಯಯನ ಈ ವಿಷಯದಲ್ಲಿ ಹೊಸ ಬೆಳಕು ಚೆಲ್ಲಿತು. ರಾಗಿ, ಭತ್ತಗಳಂತಹ ಬೆಳೆಗಳಲ್ಲಿ ಸಸಾರಜನಕವೂ ಲವಣಾಂಶಗಳೂ ಕಾಡುಹುಲ್ಲಿಗಿಂತ ಅಧಿಕವಾಗಿದ್ದು, ಅಲ್ಪಕಾಲದಲ್ಲಿ ಹೆಚ್ಚು ಪುಷ್ಟಿ ದೊರೆಯುವುದರಿಂದ ಕಾಡು ಸಮೃದ್ಧವಾಗಿರುವ ಕಾಲದಲ್ಲಿಯೂ ಆನೆ ಹೊಲದತ್ತ ಆಕರ್ಷಿತವಾಗುತ್ತದೆ. ಹೆಣ್ಣಾನೆಗಳ ಗುಂಪಿಗಿಂತ ಪ್ರಾಯದ ಗಂಡಾನೆ ಬಹಳ ಹೆಚ್ಚು ಬಾರಿ ಹೊಲಕ್ಕೆ ನುಗ್ಗುತ್ತದೆ. ದೇಹಬಲದಿಂದಲೇ ಸಂತಾನಭಾಗ್ಯ ನಿರ್ಧಾರವಾಗುವ ಗಂಡಿಗೆ ಅಪಾಯವನ್ನು ಎದುರಿಸಿಯಾದರೂ ಒಳ್ಳೆಯ ಮೇವನ್ನು ಪಡೆಯುವುದು ಲಾಭಕರವೆಂಬುದು ಸುಕುಮಾರ್ ಅವರ ವ್ಯಾಖ್ಯಾನ. ಬನ್ನೇರುಘಟ್ಟ, ಹೊಸೂರು, ತುಮಕೂರುಗಳ ಕಡೆ ಕೃಷಿಭೂಮಿಯ ನಡುವೆ ತಿರುಗುವ ಗಂಡಾನೆಗಳು ಸ್ಥಿರವಾದ ಗುಂಪುಗಳನ್ನು ಕಟ್ಟಿಕೊಂಡು, ಒಂದರಿಂದ ಇನ್ನೊಂದು ಕಲಿಯುತ್ತ ಬಾಳುತ್ತಿರುವುದನ್ನು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿದೆ. ಹೊಲದ ರುಚಿ ಕಂಡ ಆನೆಯನ್ನು ಕಾಡಿನ ಮೇವೊಂದರಿಂದಲೇ ಕಾಡಿನಲ್ಲಿ ಕಟ್ಟಿಹಾಕುವುದು ಈ ಕಾರಣದಿಂದ ಕಷ್ಟಸಾಧ್ಯ.

ಆದರೆ ಈ ಪ್ರವೃತ್ತಿಗೆ ಅವಕಾಶವನ್ನು ತೆರೆದುಕೊಟ್ಟುದು ನೆಲದ ವಿಭಜನೆ. ಕಬಿನಿ, ಹೇಮಾವತಿ ಮುಂತಾದ ಜಲಾಶಯಗಳೂ ಕಾಲುವೆಗಳೂ ತೋಟಗಳೂ ಹೆದ್ದಾರಿಗಳೂ ಒಂದೊಂದಾಗಿ ಬಂದಂತೆ ಅಖಂಡವಾಗಿದ್ದ ಅರಣ್ಯ ತುಂಡುತುಂಡಾಯಿತು. ಕಾಡು ತುಂಡಾದಷ್ಟೂ ಅದರ ಅಂಚು ಉದ್ದವಾಯಿತು. ಅಂಚು ಉದ್ದವಾದಷ್ಟೂ ಆನೆ ಮತ್ತು ಹೊಲ ಎದುರುಬದುರಾಗುವ ಎಡೆಗಳು ಹೆಚ್ಚಿದುವು. ಉಳಿದ ಕಾಡಿನೊಳಗೂ ಲಂಟಾನ ಮತ್ತು ಸೆನ್ನದಂತಹ ಪರದೇಶೀ ಗಿಡಗಳು ದಟ್ಟವಾಗಿ ಹಬ್ಬಿ ಹುಲ್ಲನ್ನು ಅಡಗಿಸಿವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಗೆಯ ಮೊದಲಲ್ಲಿ ಹಾಕುತ್ತಿದ್ದ ತರಗುಬೆಂಕಿ ನಿಂತುಹೋದುದೇ ಲಂಟಾನದ ಪ್ರಾಬಲ್ಯಕ್ಕೆ ಕಾರಣವೆಂದು ಆ ಸಮುದಾಯದ ಹಿರಿಯರು ಹೇಳುತ್ತಾರೆ. ಕಾಡನ್ನು ತಲೆತಲಾಂತರದಿಂದ ಬಲ್ಲವರ ಈ ಮಾತನ್ನು ಅರಣ್ಯಶಾಸ್ತ್ರ ಲಘುವಾಗಿ ಕಾಣಲಾಗದು. ಬರ ಬಿದ್ದ ವರ್ಷಗಳಲ್ಲಿ ಈ ಎಲ್ಲ ಕಾರಣಗಳೂ ಒಂದಾಗಿ ಆನೆಯನ್ನು ದೂರದೂರಕ್ಕೆ ತಳ್ಳಿವೆ. 1980ರ ದಶಕದಲ್ಲಿ ಕರ್ನಾಟಕ ಮತ್ತು ತಮಿಳುನಾಡುಗಳ ಕಾಡುಗಳಿಂದ ಹೊರಟ ಆನೆಗಳು ಬಹುಕಾಲದಿಂದ ಆನೆಯೇ ಇಲ್ಲದಿದ್ದ ಆಂಧ್ರಪ್ರದೇಶದ ಚಿತ್ತೂರು ಜಿಲ್ಲೆಯ ಕೌಂಡಿನ್ಯ ಅರಣ್ಯವನ್ನು ಸೇರಿದುವು. 2002ರ ಸುಮಾರಿನಲ್ಲಿ ದಾಂಡೇಲಿಯ ಕಡೆಯವು ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯನ್ನು ಪ್ರವೇಶಿಸಿದುವು.

ಹಾಸನ ಮತ್ತು ಕೊಡಗು

ಸಂಘರ್ಷದ ಅತ್ಯಂತ ತೀವ್ರವಾದ ರೂಪವನ್ನು ಹಾಸನ ಜಿಲ್ಲೆಯ ಆಲೂರು, ಸಕಲೇಶಪುರ, ಬೇಲೂರು ತಾಲ್ಲೂಕುಗಳಲ್ಲಿಯೂ ಕೊಡಗಿನಲ್ಲಿಯೂ ಕಾಣಬಹುದು. ಹಾಸನದ ಆನೆಗಳ ನೆಲೆ ವಿಸ್ತಾರವಾದ ಅಭಯಾರಣ್ಯವಲ್ಲ. ಕಾಫಿ ತೋಟ, ಚಿಕ್ಕ ಚಿಕ್ಕ ಮೀಸಲು ಅರಣ್ಯ, ಅಕೇಶಿಯ ನೆಡುತೋಪು, ಹೇಮಾವತಿಯ ಹಿನ್ನೀರು ಇವುಗಳ ನಡುವೆ ಹಗಲು ಅಡಗಿದ್ದು ಇರುಳು ಭತ್ತದ ಗದ್ದೆಗಳಿಗೆ ಇಳಿಯುವ ಗುಂಪುಗಳು ಅಲ್ಲಿ ತಲೆಮಾರುಗಳನ್ನೇ ಬೆಳೆಸಿವೆ. ಕೊಡಗಿನ ವಿರಾಜಪೇಟೆ, ಸಿದ್ದಾಪುರಗಳ ಕಡೆಯ ತೋಟಗಳಲ್ಲಿ ಮರಗಳ ನೆರಳು, ಕೆರೆಯ ನೀರು, ಹಲಸಿನ ಹಣ್ಣು, ಬಾಳೆ ಎಲ್ಲವೂ ಒಂದೆಡೆ ದೊರೆಯುವುದರಿಂದ ಆನೆಗೆ ಅದು ಕಾಡಿನಷ್ಟೇ ಹಿತವಾದ ತಾಣವಾಗಿದೆ.

ಈ ಭೂಭಾಗದಲ್ಲಿ ಪ್ರಾಣ ಕಳೆದುಕೊಳ್ಳುವವರಲ್ಲಿ ಬಹುಮಂದಿ ಬಡವರು. ಮುಂಜಾನೆಯ ಮಂಜಿನಲ್ಲಿ ಲೈನ್‌ಮನೆಯಿಂದ ಹೊರಟು ತೋಟದ ಕಾಲುದಾರಿಯಲ್ಲಿ ಕೆಲಸಕ್ಕೆ ನಡೆದುಹೋಗುವ ಕೂಲಿಕಾರರು, ಸಂಜೆ ದನಗಳನ್ನು ಅಟ್ಟಿಕೊಂಡು ಬರುವ ವೃದ್ಧರು, ರಾತ್ರಿ ಅಟ್ಟಣೆಯ ಮೇಲೆ ಕಾವಲಿರುವ ಸಣ್ಣ ಹಿಡುವಳಿದಾರರು ಪೊದೆಯ ಮರೆಯಲ್ಲಿದ್ದ ಆನೆಯನ್ನು ಕಾಣದೆ ಅದರ ಬಳಿಸಾರುವುದೇ ಹೆಚ್ಚಿನ ದುರ್ಮರಣಗಳಿಗೆ ಹೇತು. ದೇಶದಲ್ಲಿ ವರ್ಷಂಪ್ರತಿ ಐನೂರಕ್ಕೂ ಹೆಚ್ಚು ಜನರು ಆನೆಯಿಂದ ಮೃತರಾಗುತ್ತಿದ್ದಾರೆ. ಮರಣ ಸಂಭವಿಸದ ಮನೆಗಳಲ್ಲಿಯೂ ನಿದ್ದೆಯಿಲ್ಲದ ರಾತ್ರಿಗಳು, ಶಾಲೆಗೆ ಹೋಗಲು ಅಂಜುವ ಮಕ್ಕಳು, ಬೆಳೆಯುವುದನ್ನೇ ಕೈಬಿಟ್ಟ ಗದ್ದೆಗಳು ಇವೆಲ್ಲ ಯಾವ ಲೆಕ್ಕಕ್ಕೂ ಬಾರದ ಹಾನಿಗಳು. ಪ್ರತಿಯಾಗಿ ಆನೆಗಳೂ ಬಲಿಯಾಗುತ್ತವೆ. ಹೊಲದ ಬೇಲಿಗೆ ಅಕ್ರಮವಾಗಿ ಹಾಯಿಸಿದ ವಿದ್ಯುತ್ತು ಮತ್ತು ಜೋತುಬಿದ್ದ ವಿದ್ಯುತ್ ತಂತಿ ಅವುಗಳ ಅಸಹಜ ಮರಣಕ್ಕೆ ಪ್ರಮುಖ ಕಾರಣಗಳಾಗಿವೆ.

ಭೌತಿಕ ತಡೆಗಳು

ಕಂದಕ: ಕಾಡಂಚಿನ ರೈತನಿಗೆ ಅತ್ಯಂತ ಪರಿಚಿತವಾದ ತಡೆ ಆನೆ ಕಂದಕ. ಸುಮಾರು 3 ಮೀಟರ್ ಅಗಲ, 3 ಮೀಟರ್ ಆಳ ತೋಡಿದ ಕಂದಕವನ್ನು ಆನೆ ಜಿಗಿಯಲಾರದು. ಆದರೆ ಮಳೆಗೆ ಅಂಚು ಕುಸಿದು ಹೂಳು ತುಂಬಿದಲ್ಲಿ, ಹಳ್ಳ ಅಡ್ಡಬಂದಲ್ಲಿ, ಬಂಡೆಯಿದ್ದು ಅಗೆಯಲಾಗದೆಡೆಯಲ್ಲಿ ತೆರಪು ಉಳಿಯುತ್ತದೆ. ದಡವನ್ನು ಕಾಲಿನಿಂದ ಕೆಡವಿ ಇಳಿಜಾರು ಮಾಡಿಕೊಳ್ಳುವುದನ್ನೂ ಆನೆ ಕಲಿತಿದೆ.

ಸೌರ ಬೇಲಿ: ಸೌರಶಕ್ತಿಯಿಂದ ತುಂಬಿದ ಬ್ಯಾಟರಿ ಸೆಕೆಂಡಿಗೊಮ್ಮೆಯಂತೆ ಕ್ಷಣಮಾತ್ರದ ಆಘಾತವನ್ನು ತಂತಿಗೆ ಹಾಯಿಸುತ್ತದೆ, ನೋವಾಗುತ್ತದೆಯೇ ಹೊರತು ಪ್ರಾಣಾಪಾಯವಿಲ್ಲ. ಗಿಡಬಳ್ಳಿಗಳು ತಂತಿಗೆ ತಗುಲಿದರೆ ಶಕ್ತಿ ಸೋರಿಹೋಗುವುದರಿಂದ ಕೆಳಗಿನ ಹುಲ್ಲನ್ನು ಸದಾ ಸವರುತ್ತಿರಬೇಕು. ದಂತದಲ್ಲಿ ವಿದ್ಯುತ್ತು ಸರಾಗವಾಗಿ ಹರಿಯದೆಂಬುದನ್ನು ಅರಿತ ಸಲಗಗಳು ದಂತದಿಂದಲೇ ತಂತಿಯನ್ನು ಕಿತ್ತೆಸೆಯುತ್ತವೆ. ಮರವನ್ನು ಬೇಲಿಯ ಮೇಲೆ ಕೆಡವಿ ದಾಟುವುದೂ ಉಂಟು. ಮೇಲಿನಿಂದ ಎಳೆಗಳನ್ನು ಇಳಿಬಿಡುವ ತೂಗುಬೇಲಿ ಈ ಲೋಪವನ್ನು ಸ್ವಲ್ಪ ಮಟ್ಟಿಗೆ ಸರಿಪಡಿಸಿದೆ.

ರೈಲುಕಂಬಿ ತಡೆ: ಹಳೆಯ ರೈಲು ಹಳಿಗಳನ್ನು ಕಂಬವಾಗಿಯೂ ಅಡ್ಡಪಟ್ಟಿಯಾಗಿಯೂ ನಿಲ್ಲಿಸುವ ಈ ವಿಧಾನವನ್ನು ಕರ್ನಾಟಕ ನಾಗರಹೊಳೆಯ ವೀರನಹೊಸಹಳ್ಳಿಯ ಕಡೆ ಮೊದಲು ಪ್ರಯೋಗಿಸಿ ಅನಂತರ ಇತರೆಡೆಗೆ ವಿಸ್ತರಿಸಿತು. ಕಿಲೋಮೀಟರಿಗೆ ಒಂದು ಕೋಟಿ ರೂಪಾಯಿಗೂ ಮಿಕ್ಕ ವೆಚ್ಚದ ಈ ತಡೆ ಇತರ ಎಲ್ಲವುಗಳಿಗಿಂತ ಬಲವಾದುದು. ಆದರೂ 2018ರಲ್ಲಿ ಅದನ್ನು ಹತ್ತಿ ದಾಟಲೆತ್ನಿಸಿದ ಸಲಗವೊಂದು ನಾಗರಹೊಳೆಯಲ್ಲಿ ಕಂಬಿಗೆ ಸಿಕ್ಕಿ ಅಸುನೀಗಿದಾಗ ನಾಡು ಮರುಗಿತು. ಇವಲ್ಲದೆ, ಜೇನುಪೆಟ್ಟಿಗೆಗಳ ಸಾಲನ್ನು ತಡೆಯಾಗಿಸುವ ಪ್ರಯೋಗ ಕೀನ್ಯದಲ್ಲಿ ಲೂಸಿ ಕಿಂಗ್ ಅವರ ಸಂಶೋಧನೆಯಿಂದ ಪ್ರಸಿದ್ಧವಾಗಿದ್ದು, 2021ರಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಅದನ್ನು ಕೊಡಗಿನಲ್ಲಿ ಆರಂಭಿಸಿತು.

ಯಾವ ತಡೆಯ ಯಶಸ್ಸೂ ಅದರ ಸಾಮಗ್ರಿಗಿಂತ ಹೆಚ್ಚಾಗಿ ಪಾಲನೆಯನ್ನು ಅವಲಂಬಿಸಿದೆಯೆಂಬುದು ಅನುಭವಸಿದ್ಧವಾದ ಸಂಗತಿ. ಗುತ್ತಿಗೆ ಮುಗಿದೊಡನೆ ನೋಡುವವರಿಲ್ಲದೆ ಹಾಳಾದ ಬೇಲಿಗಿಂತ, ತನ್ನ ಊರಿನದೆಂದು ಹಳ್ಳಿಯವರೇ ಕಾಪಾಡುವ ಸಾಧಾರಣ ಬೇಲಿ ಮೇಲು. ಶ್ರೀಲಂಕೆಯಲ್ಲಿ ಅರಣ್ಯದ ಆಡಳಿತಗಡಿಗೆ ಹಾಕಿದ ಬೇಲಿಗಳು ಆನೆಯ ನೆಲೆಯ ನಡುವೆಯೇ ಹಾದುಹೋಗಿ ವಿಫಲವಾದಾಗ, ಊರಿನ ಸುತ್ತಲೂ ಬೆಳೆಗಾಲದಲ್ಲಿ ಗದ್ದೆಬಯಲಿನ ಸುತ್ತಲೂ ಬೇಲಿ ಹಾಕಿ ಅದರ ಹೊಣೆಯನ್ನು ಗ್ರಾಮಸ್ಥರಿಗೆ ಒಪ್ಪಿಸಿದ ಪ್ರಯೋಗ ಉತ್ತಮ ಫಲ ಕೊಟ್ಟಿತು. ಆನೆಯನ್ನು ಕಾಡಿನೊಳಗೆ ಕೂಡಿಹಾಕುವುದಕ್ಕಿಂತ ಊರನ್ನು ಕಾಯುವುದು ಸುಲಭವೆಂಬ ಈ ಪಾಠ ಹಾಸನ, ಕೊಡಗುಗಳಿಗೂ ಅನ್ವಯಿಸತಕ್ಕದ್ದು.

ಸೆರೆ ಮತ್ತು ಸ್ಥಳಾಂತರ

ಜನರ ರೋಷ ಹೆಚ್ಚಿದಾಗ ಮೊದಲು ಕೇಳಿಬರುವ ಬೇಡಿಕೆ ಆನೆಯನ್ನು ಹಿಡಿದು ಸಾಗಿಸಬೇಕೆಂಬುದು. ಅರಿವಳಿಕೆಯ ಚುಚ್ಚುಮದ್ದು ಹಾರಿಸಿ, ಪಳಗಿದ ಕುಮ್ಕಿ ಆನೆಗಳ ನೆರವಿನಿಂದ ಕಾಡಾನೆಯನ್ನು ಲಾರಿಗೆ ಏರಿಸುವ ಈ ಕಾರ್ಯಕ್ಕೆ ದುಬಾರೆ, ಮತ್ತಿಗೋಡು, ಸಕ್ರೆಬೈಲು ಮುಂತಾದ ಶಿಬಿರಗಳ ಮಾವುತರು ಮತ್ತು ಕಾವಾಡಿಗಳು ಆಧಾರಸ್ತಂಭಗಳು. ಇವರಲ್ಲಿ ಅನೇಕರು ಆನೆಯ ಮನೋಧರ್ಮವನ್ನು ಪರಂಪರೆಯಿಂದ ಬಲ್ಲ ಜೇನುಕುರುಬ ಮನೆತನಗಳವರು. ಈ ಕಾರ್ಯ ಎಷ್ಟು ಅಪಾಯಕರವೆಂಬುದನ್ನು 2023ರ ಡಿಸೆಂಬರಿನ ದುರಂತ ಪ್ರಕಟಪಡಿಸಿತು. ಮೈಸೂರು ದಸರೆಯಲ್ಲಿ ಎಂಟು ಬಾರಿ ಚಿನ್ನದ ಅಂಬಾರಿಯನ್ನು ಹೊತ್ತಿದ್ದ ಕುಮ್ಕಿ ಆನೆ ಅರ್ಜುನ ಸಕಲೇಶಪುರ ತಾಲ್ಲೂಕಿನ ಯಸಳೂರಿನ ಬಳಿ ಕಾಡಾನೆಯೊಡನೆ ಕಾದಾಡುತ್ತ ಪ್ರಾಣ ನೀಗಿದನು.

ಕರ್ನಾಟಕದ ಉಚ್ಚ ನ್ಯಾಯಾಲಯ ರಚಿಸಿದ, ಸುಕುಮಾರ್ ಅವರ ನೇತೃತ್ವದ ಆನೆ ಕಾರ್ಯಪಡೆ 2012ರಲ್ಲಿ ಸಲ್ಲಿಸಿದ ವರದಿ ಆನೆಗಳಿರುವ ಭೂಭಾಗವನ್ನು ಸಂರಕ್ಷಣಾ ವಲಯ, ಸಹಜೀವನ ವಲಯ, ತೆರವು ವಲಯ ಎಂದು ಮೂರಾಗಿ ವಿಂಗಡಿಸಿತು. ಮೊದಲನೆಯದರಲ್ಲಿ ಆನೆಯ ಹಿತ ಪ್ರಧಾನ. ಎರಡನೆಯದರಲ್ಲಿ ಉಭಯರ ಹಿತಗಳಿಗೂ ಹೊಂದಾಣಿಕೆ. ಮೂರನೆಯದರಲ್ಲಿ ಮನುಷ್ಯರ ಹಿತವೇ ಪ್ರಧಾನವಾಗಿ ಆನೆಗಳನ್ನು ತೆರವುಗೊಳಿಸತಕ್ಕದ್ದು. ಎಲ್ಲೆಡೆಗೂ ಒಂದೇ ನಿಯಮವೆಂಬ ಹಳೆಯ ರೂಢಿಯನ್ನು ಮುರಿದುದು ಈ ವಿಂಗಡಣೆಯ ಹಿರಿಮೆ. ಅದರ ಅನುಸಾರ 2014ರಲ್ಲಿ ಆಲೂರು, ಸಕಲೇಶಪುರಗಳ ಪ್ರದೇಶದಿಂದ ಇಪ್ಪತ್ತಕ್ಕೂ ಅಧಿಕ ಆನೆಗಳನ್ನು ಸೆರೆಹಿಡಿಯಲಾಯಿತು. ಆದರೆ ತೆರವಾದ ನೆಲೆ ತೆರವಾಗಿ ಉಳಿಯಲಿಲ್ಲ. ನೆರಳು, ನೀರು, ಭತ್ತ ಎಲ್ಲವೂ ಹಾಗೆಯೇ ಇದ್ದುದರಿಂದ ಬೇರೆ ಆನೆಗಳು ಬಂದು ನೆಲಸಿದುವು. ಸ್ಥಳಾಂತರದ ಕಥೆಯೂ ಇದಕ್ಕಿಂತ ಉತ್ತಮವಾಗಿಲ್ಲ. ಶ್ರೀಲಂಕೆಯಲ್ಲಿ ಕಾಲರ್ ತೊಡಿಸಿ ದೂರದ ಉದ್ಯಾನಗಳಲ್ಲಿ ಬಿಟ್ಟ ಗಂಡಾನೆಗಳ ಜಾಡನ್ನು ಹಿಡಿದು 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅವುಗಳಲ್ಲಿ ಕೆಲವು ಹಿಂದಿರುಗಿದುವು, ಕೆಲವು ಗೊತ್ತುಗುರಿಯಿಲ್ಲದೆ ಅಲೆದುವು, ಕೆಲವು ಹೊಸ ಊರುಗಳಲ್ಲಿ ಹಳೆಯ ಉಪದ್ರವವನ್ನು ಮುಂದುವರಿಸಿದುವು. ನರಹಂತಕವೆಂದು ನಿಶ್ಚಿತವಾದ ಆನೆಯನ್ನು ಹಿಡಿಯುವುದು ಅನಿವಾರ್ಯವಾದರೂ, ಸಂಘರ್ಷಕ್ಕೆ ಸೆರೆಯೇ ಶಾಶ್ವತ ಪರಿಹಾರವೆಂದು ಜನರಿಗೆ ಆಶ್ವಾಸನೆ ಕೊಡುವುದು ಸರಿಯಲ್ಲ.

ಮುನ್ಸೂಚನೆ

ಆನೆ ಎಲ್ಲಿದೆಯೆಂದು ತಿಳಿದರೆ ಮನುಷ್ಯ ಆ ದಾರಿಯಿಂದ ದೂರವಿರಬಲ್ಲನೆಂಬ ಸರಳ ತತ್ತ್ವದ ಮೇಲೆ ನಿಂತಿರುವ ವ್ಯವಸ್ಥೆ ಮುನ್ಸೂಚನೆ. ತಮಿಳುನಾಡಿನ ವಾಲ್ಪಾರೈಯ ಚಹ ತೋಟಗಳಲ್ಲಿ ಎಂ. ಆನಂದ ಕುಮಾರ್ ಮತ್ತು ಸಂಗಡಿಗರು ಮೊಬೈಲ್ ಸಂದೇಶ, ಸ್ಥಳೀಯ ಟೆಲಿವಿಷನ್ನಿನ ಓಡುಬರಹ, ದಾರಿಯ ತಿರುವುಗಳಲ್ಲಿ ಉರಿಯುವ ಕೆಂಪು ದೀಪ ಇವುಗಳ ಮೂಲಕ ಆನೆಯ ಸುಳಿವನ್ನು ಕಾರ್ಮಿಕರಿಗೆ ತಲುಪಿಸಿ, ಅಲ್ಲಿನ ಪ್ರಾಣಹಾನಿಯನ್ನು ಗಮನಾರ್ಹವಾಗಿ ಇಳಿಸಿದರು. ಆ ಮಾದರಿ ಮುಂದೆ ಹಾಸನಕ್ಕೂ ಬಂದಿತು. ಗುಂಪಿನ ಹೆಣ್ಣಾನೆಗೆ ತೊಡಿಸಿದ ಕಾಲರಿನಿಂದ ದೊರೆಯುವ ಮಾಹಿತಿ ಮತ್ತು ಅರಣ್ಯ ಇಲಾಖೆಯದೇ ಬೇರೊಂದು ಆನೆ ಕಾರ್ಯಪಡೆಯ ಸಿಬ್ಬಂದಿ ಕಾಲ್ನಡಿಗೆಯಲ್ಲಿ ಜಾಡು ಹಿಡಿದು ತರುವ ಸುದ್ದಿ ಇಲ್ಲಿ ಒಂದಕ್ಕೊಂದು ಪೂರಕ. ಅತ್ಯಲ್ಪ ವೆಚ್ಚದಿಂದ ಅತ್ಯಧಿಕ ಜೀವಗಳನ್ನು ಉಳಿಸುವ ಕ್ರಮ ಇದಾಗಿದ್ದರೂ, ಬೆಳೆಯ ನಷ್ಟವನ್ನು ಇದು ತಡೆಯಲಾರದೆಂಬುದನ್ನು ನೆನಪಿಡಬೇಕು.

ಪರಿಹಾರಧನ

ಬೆಳೆ, ಜಾನುವಾರು, ಆಸ್ತಿ, ಪ್ರಾಣ ಇವುಗಳ ಹಾನಿಗೆ ಸರ್ಕಾರ ಪರಿಹಾರಧನ ಕೊಡುವ ಪದ್ಧತಿ ಕರ್ನಾಟಕದಲ್ಲಿ ಬಹುಕಾಲದಿಂದ ಇದೆ. ಪ್ರಾಣಹಾನಿಯ ಪರಿಹಾರವನ್ನು 2022ರಲ್ಲಿ ಏಳೂವರೆ ಲಕ್ಷ ರೂಪಾಯಿಗಳಿಂದ 15 ಲಕ್ಷಕ್ಕೆ ಏರಿಸಲಾಯಿತು. ಬೆಳೆಹಾನಿಯ ಅರ್ಜಿಗಾಗಿ ಇ-ಪರಿಹಾರವೆಂಬ ಗಣಕವ್ಯವಸ್ಥೆಯೂ ಇದೆ. ಆದರೂ ಅರ್ಜಿ, ಛಾಯಾಚಿತ್ರ, ಸ್ಥಳತನಿಖೆ, ಮಂಜೂರಾತಿಗಳ ಸರಣಿಯನ್ನು ಕ್ರಮಿಸುವುದು ಅಕ್ಷರ ಬಾರದ ಕೃಷಿಕನಿಗೆ ದುಸ್ತರ. ಒಂದು ದಿನ ಕಚೇರಿಗೆ ಹೋದರೆ ಒಂದು ದಿನದ ಕೂಲಿ ನಷ್ಟ. ಈ ತೊಡಕನ್ನು ಕಂಡು ವನ್ಯಜೀವಿ ಅಧ್ಯಯನ ಕೇಂದ್ರ 2015ರಲ್ಲಿ ಬಂಡೀಪುರ ಮತ್ತು ನಾಗರಹೊಳೆಗಳ ಸುತ್ತಣ ಹಳ್ಳಿಗಳಲ್ಲಿ ವೈಲ್ಡ್ ಸೇವೆ ಎಂಬ ಸಹಾಯವಾಣಿಯನ್ನು ತೆರೆದು, ಕರೆ ಬಂದ ಮನೆಗೆ ಹೋಗಿ ಅರ್ಜಿ ತುಂಬಿಸುವ ಕೆಲಸವನ್ನು ನಡೆಸಿಕೊಂಡು ಬಂದಿದೆ.

ಇನ್ನೊಂದು ಅನ್ಯಾಯ ಇದಕ್ಕಿಂತ ಆಳವಾದುದು. ಪರಿಹಾರ ದೊರೆಯುವುದು ಪಹಣಿಯಲ್ಲಿ ಹೆಸರಿರುವವನಿಗೆ. ಗೇಣಿಗೆ ಉಳುವವನಿಗೂ ಹಕ್ಕುಪತ್ರ ಕೈಸೇರದ ಗಿರಿಜನ ಕುಟುಂಬಕ್ಕೂ ಹೊಲ ತುಳಿತಕ್ಕೊಳಗಾದ ಮರುದಿನ ಕೇಳುವವರಿಲ್ಲ. ನಾಡಿಗೆಲ್ಲ ಸೇರಿದ ಒಂದು ಪರಂಪರೆಯ ರಕ್ಷಣೆಯ ಬೆಲೆಯನ್ನು ನಾಡಿನ ಅತ್ಯಂತ ಬಡವರಿಂದ ವಸೂಲು ಮಾಡುವ ವ್ಯವಸ್ಥೆ ಧರ್ಮವೂ ಅಲ್ಲ, ಬಹುಕಾಲ ಬಾಳುವಂತಹುದೂ ಅಲ್ಲ.

ಆನೆಪಥಗಳು

ಕಾಡಿನ ತುಂಡುಗಳನ್ನು ಜೋಡಿಸುವ ಕಿರಿದಾದ ಪಟ್ಟಿಗೆ ಆನೆಪಥ ಅಥವಾ ಕಾರಿಡಾರ್ ಎಂದು ಹೆಸರು. 2023ರಲ್ಲಿ ಕೇಂದ್ರ ಸರ್ಕಾರ ದೇಶದಲ್ಲಿ ಇಂತಹ 150 ಪಥಗಳನ್ನು ಗುರುತಿಸಿತು. ಬಿಳಿಗಿರಿರಂಗನ ಬೆಟ್ಟವನ್ನು ಅದರ ಪೂರ್ವದ ಕಾಡುಗಳೊಡನೆ ಬೆಸೆಯುವ ಎಡೆಯಾರಹಳ್ಳಿ-ದೊಡ್ಡಸಂಪಿಗೆ ಪಥದಲ್ಲಿ ಭಾರತದ ವನ್ಯಜೀವಿ ಟ್ರಸ್ಟ್ ಸುಮಾರು 25 ಎಕರೆ ಖಾಸಗಿ ಜಮೀನನ್ನು ಕ್ರಯಕ್ಕೆ ಪಡೆದು ಅರಣ್ಯ ಇಲಾಖೆಗೆ ಒಪ್ಪಿಸಿದುದು, ಬಲಾತ್ಕಾರವಿಲ್ಲದೆ ಪಥವನ್ನು ಉಳಿಸಬಹುದೆಂಬುದಕ್ಕೆ ನಿದರ್ಶನ. ನೀಲಗಿರಿಯ ಸೀಗೂರು ಪ್ರದೇಶದ ಆನೆಪಥದ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಪಥಕ್ಕೆ ಅಡ್ಡಬಂದ ವಸತಿಗೃಹಗಳ ವಿರುದ್ಧ ತೀರ್ಪನ್ನಿತ್ತಿತು. ಬಂಡೀಪುರವನ್ನು ಹಾದುಹೋಗುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6 ಗಂಟೆಯವರೆಗೆ ಸಾಮಾನ್ಯ ವಾಹನಸಂಚಾರವನ್ನು ನಿಲ್ಲಿಸಿದುದು ಕರ್ನಾಟಕ ತಳೆದ ದಿಟ್ಟ ನಿಲುವುಗಳಲ್ಲೊಂದು. ನೆರೆರಾಜ್ಯದ ಒತ್ತಡದ ನಡುವೆಯೂ ಅದು ಉಳಿದುಬಂದಿದೆ.

ಕಾಡಿನೊಳಗಿನ ಊರುಗಳ ಪುನರ್ವಸತಿಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದುದು. ಭದ್ರಾ ಅಭಯಾರಣ್ಯದ 400ಕ್ಕೂ ಹೆಚ್ಚು ಕುಟುಂಬಗಳು 2002ರ ವೇಳೆಗೆ ನೀರಾವರಿ ಜಮೀನು, ಮನೆ, ಶಾಲೆಗಳಿದ್ದ ಹೊಸ ಊರುಗಳಿಗೆ ಹೋಗಿ ನೆಲಸಿದುದು ಬಹುಮಟ್ಟಿಗೆ ಯಶಸ್ವಿಯೆಂದು ಪರಿಗಣಿತವಾಗಿದೆ. ನಾಗರಹೊಳೆಯ ಜೇನುಕುರುಬರ ಅನುಭವ ಹಾಗಿರಲಿಲ್ಲ; ಅಲ್ಲಿಂದ ಹೊರಬಂದ ಅನೇಕರು ಕೂಲಿಗಳಾದರೆಂಬ ನೋವು ಇಂದಿಗೂ ಆರಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯ ತರುವಾಯ, ಅರಣ್ಯವಾಸಿಗಳ ಹಕ್ಕನ್ನು ಮೊದಲು ಇತ್ಯರ್ಥಪಡಿಸಿ ಅವರ ಸ್ವತಂತ್ರ ಸಮ್ಮತಿಯನ್ನು ಪಡೆಯದೆ ಯಾರನ್ನೂ ಎಬ್ಬಿಸಲಾಗದು.

ನಿರ್ವಹಣೆಯ ತತ್ತ್ವ

ಈ ಎಲ್ಲ ಪ್ರಯೋಗಗಳ ಸಮಾಲೋಚನೆಯಿಂದ ಹೊರಡುವ ಮುಖ್ಯ ನಿರ್ಣಯ ಒಂದೇ: ಸಂಘರ್ಷವನ್ನು ನಿರ್ಮೂಲಗೊಳಿಸುವ ಉಪಾಯ ಯಾವುದೂ ಇಲ್ಲ, ಅದನ್ನು ಸಹ್ಯವಾದ ಮಿತಿಗೆ ಇಳಿಸುವ ಮತ್ತು ಅದರ ಭಾರವನ್ನು ನ್ಯಾಯವಾಗಿ ಹಂಚಿಕೊಳ್ಳುವ ಉಪಾಯಗಳು ಮಾತ್ರ ಉಂಟು. ಕಾಡು ಅಖಂಡವಾಗಿರುವಲ್ಲಿ ಅದನ್ನು ಇನ್ನು ತುಂಡರಿಸದಿರುವುದು ಇವುಗಳಲ್ಲಿ ಮೊದಲನೆಯದು, ಏಕೆಂದರೆ ಒಂದು ಪಥ ಮುಚ್ಚಿದ ಮೇಲೆ ಅದರಿಂದ ಹುಟ್ಟುವ ಹಾನಿಯನ್ನು ನೂರು ಮೈಲಿಗಳ ಬೇಲಿಯೂ ಸರಿದೂಗಿಸಲಾರದು. ಕಾಡು ಈಗಾಗಲೇ ಒಡೆದಿರುವ ಹಾಸನದಂತಹ ಕಡೆ ಮುನ್ಸೂಚನೆ, ಕಾರ್ಮಿಕರಿಗೆ ಸುರಕ್ಷಿತ ವಾಹನ, ಊರಿನವರೇ ಪಾಲಿಸುವ ಬೇಲಿ, ವಿಳಂಬವಿಲ್ಲದ ಪರಿಹಾರ ಇವು ಒಟ್ಟಾಗಿ ನಡೆಯತಕ್ಕವು. ಒಂದನ್ನು ಮಾಡಿ ಮತ್ತೊಂದನ್ನು ಬಿಟ್ಟರೆ ಮಾಡಿದುದೂ ವ್ಯರ್ಥವಾಗುತ್ತದೆ. ಆನೆಗಳ ಗಣತಿಯಷ್ಟೇ ಶ್ರದ್ಧೆಯಿಂದ ಹಾನಿಗೊಳಗಾದ ಕುಟುಂಬಗಳ ಗಣತಿಯೂ ಆಗಬೇಕು. ತಡೆಗೆ ತೆತ್ತ ಹಣದ ಲೆಕ್ಕದೊಡನೆ ಆ ತಡೆ ಐದು ವರ್ಷಗಳ ಮೇಲೂ ಕೆಲಸ ಮಾಡುತ್ತಿದೆಯೇ ಎಂಬ ಲೆಕ್ಕವನ್ನೂ ಇಡಬೇಕು.

ಭಾರತದಲ್ಲಿ ಆನೆ ಉಳಿದಿರುವುದು ಕಾಯಿದೆಯ ಬಲದಿಂದ ಮಾತ್ರವಲ್ಲ. ಬೆಳೆ ಕಳೆದುಕೊಂಡ ಮೇಲೂ ವಿಷವಿಕ್ಕದೆ, ಬಂದೂಕು ಎತ್ತದೆ, ಗಣಪತಿಯೆಂದು ಕೈಮುಗಿದು ಮುಂದಿನ ವರ್ಷ ಮತ್ತೆ ಬಿತ್ತುವ ಕಾಡಂಚಿನ ಜನರ ಸೈರಣೆ ಅದರ ನಿಜವಾದ ಆಸರೆ. ಆ ಸೈರಣೆ ಅಕ್ಷಯವಲ್ಲ. ನಿರ್ಲಕ್ಷ್ಯದಿಂದ ಅದು ಸವೆಯುತ್ತಿರುವ ಲಕ್ಷಣಗಳು ಕಾಣುತ್ತಿವೆ. ಅದನ್ನು ನ್ಯಾಯದಿಂದ ಪೋಷಿಸುವುದೇ ಆನೆಯ ಸಂರಕ್ಷಣೆಯ ಪ್ರಥಮ ಕರ್ತವ್ಯ. ಮಿಕ್ಕ ಕರ್ತವ್ಯಗಳೆಲ್ಲ ಆ ತಳಹದಿಯ ಮೇಲೆ ನಿಲ್ಲತಕ್ಕವು.